ಕೇಬಲ್ ಇಲ್ಲದೆಯೇ ಗುಡಿಯೊಳಗೆ ನುಡಿಸಿದಂತೆ ಕೇಳುವ ಪುಟ್ಟ ಗಿಟಾರ್

ವಾದ್ಯ ಮತ್ತು ವಿದ್ಯುತ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಗಿಟಾರಿನ ಪತ್ರಗಳೇ ಜಾಸ್ತಿ ಬಂದಿವೆ. ಅದರಲ್ಲೂ ಟಿಳಕವಾಡಿಯ ವಿದ್ಯಾರ್ಥಿನಿಯ ಪತ್ರ ಓದಿ ನನಗೆ ತಡೆಯಲಿಲ್ಲ, ಅವತ್ತೇ ಉತ್ತರ ಬರೆಯಲು ಕೂತೆ. ಅವಳು ಹೇಳುವಂಥ ಗಿಟಾರಿನ ಒಳಗಿನ ಸಾಮಾನನ್ನು ಏನೆಂದು ತಿಳಿಯದೆ ಕಿತ್ತು ಹಾಕಿಸಿಕೊಂಡು, ಆಮೇಲೆ ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ರಿಪೇರಿ ಅಂಗಡಿಗೆ ಬರುವವರಿದ್ದಾರೆ. ಆಗ ನನ್ನ ಕೈಯಲ್ಲಿ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಹಾಗಾಗಿ ಅವಳ ಪ್ರಶ್ನೆಗೆ ಮೊದಲ ಜಾಗ, ಉಳಿದವು ಆಮೇಲೆ.

ಪ್ರಶ್ನೆ: ಅಕ್ಕಾ, ಪುಣೆಯಲ್ಲಿರುವ ಸೋದರಮಾವ ತಾವು ನುಡಿಸುತ್ತಿದ್ದ ಸಣ್ಣ ಗಿಟಾರನ್ನು ನನಗೆ ಕೊಟ್ಟಿದ್ದಾರೆ. ಮಾಮೂಲಿ ಗಿಟಾರಿಗಿಂತ ಡಬ್ಬಿ ಚಿಕ್ಕದು. ಪಕ್ಕದಲ್ಲಿ ಮೂರು ನಾಬ್ ಇವೆ, ಆದರೆ ಬೇಸ್, ಟ್ರೆಬಲ್ ಅಂತ ಬರೆದಿಲ್ಲ. ಒಂದನ್ನು ಒತ್ತಿ ಹಿಡಿದರೆ ಆಂಪ್ಲಿಫೈಯರ್ ಇಲ್ಲದೆ, ಕೇಬಲೂ ಇಲ್ಲದೆ ದೊಡ್ಡ ಗುಡಿಯೊಳಗೆ ಕೂತು ನುಡಿಸಿದ ಹಾಗೆ ಕೇಳುತ್ತಿತ್ತು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಅದು ನಿಂತುಹೋಯಿತು. ಗಿಟಾರ್ ಸುಮ್ನೆ ನುಡಿಸಿದರೆ ನುಡಿಯುತ್ತದೆ, ಆ ಗುಂಗು ಮಾತ್ರ ಇಲ್ಲ. ರಿಪೇರಿಯವರಿಗೆ ತೋರಿಸಿದೆ. 'ಒಳಗೆ ಏನೋ ಸ್ಪೀಕರ್ ಥರದ್ದು ಅಂಟಿಸಿದ್ದಾರೆ, ಅದೆಲ್ಲ ಕಿತ್ತು ಸಾದಾ ಪಿಕಪ್ ಹಾಕಿಕೊಡುತ್ತೇನೆ' ಅಂದರು. ಹಾಕಿಸಲಾ? ಒಳಗಿರುವುದಾದರೂ ಏನು?
ಪಿಯುಸಿ ವಿದ್ಯಾರ್ಥಿನಿ, ಟಿಳಕವಾಡಿ, ಬೆಳಗಾವಿ

ಉತ್ತರ: ಬೇಡ ತಂಗಿ. ಕೀಳಿಸಬೇಡ. ನಿನ್ನ ಗಿಟಾರಿನಲ್ಲಿ ಬೇರೆ ಗಿಟಾರುಗಳಲ್ಲಿ ಇಲ್ಲದ ವಸ್ತು ಅದೊಂದೇ. ಸಾದಾ ಪಿಕಪ್, ಅಂದರೆ ತಂತಿಯ ಅದುರನ್ನು ವಿದ್ಯುತ್ತಾಗಿಸುವ ಸಾಮಾನು, ನಿನ್ನ ಗಿಟಾರಿನಲ್ಲಿ ಈಗಾಗಲೇ ಇದೆ. ಅದಿಲ್ಲದೆ ಆ ಗುಂಗು ಹುಟ್ಟುತ್ತಲೇ ಇರಲಿಲ್ಲ.

ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ತಂತಿಗಳು ಕೂರುವ ಬಿಳಿ ಪಟ್ಟಿ ಇದೆಯಲ್ಲ, ಸ್ಯಾಡಲ್, ಅದರ ಕೆಳಗೆ ಪೀಜೋ ಅನ್ನುವ ತೆಳುವಾದ ಪಟ್ಟಿ ಇರುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇದನ್ನು ಝಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿಕೊಟ್ಟರು. ತಂತಿ ಅದುರಿದಾಗ ಸ್ಯಾಡಲ್ ಆ ಪಟ್ಟಿಯನ್ನು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಅದೇ ನಾದದ ವಿದ್ಯುತ್ ರೂಪ. ಇಷ್ಟು ಪೀಜೋ ಪಿಕಪ್ ಇರುವ ಎಲ್ಲ ಗಿಟಾರಿನಲ್ಲೂ ಇರುವುದೇ. ಅಲ್ಲಿ ಅದು ಕೇಬಲ್ ಹಿಡಿದು ಹೊರಗಿನ ಆಂಪ್ಲಿಫೈಯರಿಗೆ ಹೋಗುತ್ತದೆ.

ನಿನ್ನದರಲ್ಲಿ ಅದು ಹೊರಗೆ ಹೋಗುವ ಮೊದಲು ಒಂದು ಚಿಪ್ಪಿಗೆ ಹೋಗುತ್ತದೆ. ಆ ಚಿಪ್ ನಾದದ ಪ್ರತಿಗಳನ್ನು ಮಾಡಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪ ತಡಮಾಡಿ, ಸ್ವಲ್ಪ ಸ್ವಲ್ಪ ಇಳಿಸಿ ಬಿಡುತ್ತದೆ. ದೊಡ್ಡ ಕಟ್ಟಡದಲ್ಲಿ ಗೋಡೆಗಳು ಮಾಡುವ ಕೆಲಸವೇ ಇದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವಿಜಯಪುರದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಂದರೆ ಅಲ್ಲಿ ಈ ಕಡೆಯಿಂದ ಆ ಕಡೆಯ ಗೋಡೆ ಮುಟ್ಟಲಿಕ್ಕೇ ಶಬ್ದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಬೇಕು. ಅಲ್ಲಿ ಚಪ್ಪಾಳೆ ಹೊಡೆದರೆ ಅದು ಮತ್ತೆ ಮತ್ತೆ ತಿರುಗಿ ಬರುವುದನ್ನು ನೀನು ಶಾಲೆಯ ಪ್ರವಾಸದಲ್ಲಿ ಕೇಳಿರಬಹುದು. ಆ ತಡವನ್ನು ಚಿಪ್ ಲೆಕ್ಕ ಹಾಕಿ ಕೊಡುತ್ತದೆ. ಮೈಕ್‌ಸೆಟ್‌ನವರು ಎಕೋ ಅನ್ನುತ್ತಾರೆ, ಗಿಟಾರಿನವರು ರಿವರ್ಬ್ ಅನ್ನುತ್ತಾರೆ.

ಇನ್ನು ಆ 'ಸ್ಪೀಕರ್ ಥರದ್ದು'. ಅದರ ಹೆಸರು ಎಕ್ಸೈಟರ್. ಸ್ಪೀಕರಿನಲ್ಲಿ ಮ್ಯಾಗ್ನೆಟ್ ಮತ್ತು ಕಾಯಿಲ್ ಸೇರಿ ಒಂದು ಕಾಗದದ ಕೋನನ್ನು ಅಲ್ಲಾಡಿಸುತ್ತವೆ. ಇಲ್ಲಿ ಕಾಗದ ಇಲ್ಲ. ಗಿಟಾರಿನ ಹಿಂದಿನ ಹಲಗೆಗೇ ಒಳಗಿನಿಂದ ಅಂಟಿಸಿರುತ್ತಾರೆ. ಚಿಪ್ ಮಾಡಿದ ಗುಂಗು ಎಕ್ಸೈಟರಿಗೆ ಬರುತ್ತದೆ, ಎಕ್ಸೈಟರ್ ಹಲಗೆಯನ್ನು ಅದುರಿಸುತ್ತದೆ, ಹಲಗೆ ಡಬ್ಬಿಯೊಳಗಿನ ಗಾಳಿಯನ್ನು ಅದುರಿಸುತ್ತದೆ, ನಡುವಿನ ತೂತಿನಿಂದ ಅದು ನಿನ್ನ ಕಿವಿಗೆ ಬರುತ್ತದೆ. ಮೇಲೆ ನಿನ್ನ ತಂತಿಯ ನಾದ, ಅದರ ಜೊತೆಗೇ ಅದೇ ಡಬ್ಬಿಯಿಂದ ಅದರ ಗುಂಗು. ಸಿತಾರದಲ್ಲಿ ಮೇಲಿನ ತಂತಿ ಮೀಟಿದಾಗ ಕೆಳಗಿನ ತರಬಿನ ತಂತಿಗಳು ಕೈ ತಾಗದೆಯೇ ಜೊತೆ ನುಡಿಯುತ್ತವಲ್ಲ, ಕಿವಿಗೆ ಆಗುವ ಸುಖ ಹಾಗೆಯೇ ಇದೆ. ಮಿರಜ್‌ನ ಸಿತಾರ ಕೇಳುತ್ತಾ ಬೆಳೆದ ನಮ್ಮ ಕಡೆಯವರಿಗೆ ಈ ಗಿಟಾರ್ ಬೇಗ ಹಿಡಿಸುವುದಕ್ಕೆ ಅದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಅಪ್ಪ ಜೀವಮಾನವೆಲ್ಲ ಹಾರ್ಮೋನಿಯಂ ರಿಪೇರಿ ಮಾಡಿದವರು. ಇಂಥ ಗಿಟಾರ್ ಮೊದಲ ಸಲ ಅಂಗಡಿಗೆ ಬಂದಾಗ ನಾನು ತಂತಿ ಮೀಟಿದೆ, ಅವರು ಹಿಂದಿನ ಹಲಗೆಗೆ ಅಂಗೈ ಹಚ್ಚಿ ಕೂತರು. 'ಸ್ಪೀಕರ್ ಹಾಕಿಲ್ಲವಾ, ಹಲಗೀನ ಸ್ಪೀಕರ್ ಮಾಡ್ಯಾರ' ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಯಮಹಾ ಕಂಪನಿ 2016ರಲ್ಲಿ ಟ್ರಾನ್ಸ್‌ಅಕೌಸ್ಟಿಕ್ ಅನ್ನುವ ಹೆಸರಿನಲ್ಲಿ ಇಂಥ ಗಿಟಾರ್ ತಂದಿತು. ಅದರಲ್ಲಿ ಒಂದು ನಾಬ್ ರಿವರ್ಬಿಗೆ. ಅರ್ಧದ ತನಕ ತಿರುಗಿಸಿದರೆ ಕೋಣೆಯ ಗುಂಗು, ಅಲ್ಲಿಂದ ಮುಂದೆ ದೊಡ್ಡ ಸಭಾಂಗಣದ ಗುಂಗು. ಇನ್ನೊಂದು ಕೋರಸ್ಸಿಗೆ. ಅದು ನಾದದ ಪ್ರತಿಯ ಶ್ರುತಿಯನ್ನು ಕೂದಲೆಳೆಯಷ್ಟು ಆಚೀಚೆ ಆಡಿಸಿ ಇಬ್ಬರು ನುಡಿಸುತ್ತಿರುವ ಹಾಗೆ ಮಾಡುತ್ತದೆ. ಮೂರನೆಯದು ಕೇಬಲಿಗೆ ಹೋಗುವ ಶಬ್ದದ ಮಟ್ಟ. ಈಗ ಬೇರೆ ಕಂಪನಿಗಳೂ ಇದೇ ದಾರಿಯಲ್ಲಿ ಗಿಟಾರ್ ಮಾಡುತ್ತಿವೆ. ನಿನ್ನದು ಯಾವುದು ಅಂತ ನೀನು ಬರೆದಿಲ್ಲ. ಬರೆಯದಿದ್ದರೂ ಪರವಾಗಿಲ್ಲ, ತಪಾಸಣೆಯ ದಾರಿ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ.

ಸಣ್ಣ ಗಿಟಾರಿಗೆ ಇದು ಯಾಕೆ ಅಷ್ಟು ಒಪ್ಪುತ್ತದೆ ಅಂತಲೂ ಹೇಳಬೇಕು. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಅದುರುತ್ತದೆ. ದೊಡ್ಡ ಗಿಟಾರಿನ ಡಬ್ಬಿಯೊಳಗಿನ ಗಾಳಿ ತಾನಾಗಿ ಅದುರುವ ವೇಗ ಸೆಕೆಂಡಿಗೆ 100ರ ಆಸುಪಾಸು. ಹಾಗಾಗಿ ಕೆಳಗಿನ ಸ್ವರಗಳಿಗೆ ಡಬ್ಬಿಯ ಗಾಳಿ ಕೈ ಕೊಟ್ಟು ಎತ್ತುತ್ತದೆ. ಡಬ್ಬಿ ಚಿಕ್ಕದಾದಷ್ಟೂ ಆ ವೇಗ ಮೇಲೇರುತ್ತದೆ. ಆಗ ದಪ್ಪ ತಂತಿಗೆ ಆಸರೆ ಸಿಗುವುದಿಲ್ಲ, ನಾದ ಬೇಗ ಸೊರಗುತ್ತದೆ. ಚಿಕ್ಕ ಡಬ್ಬಿಯ ಈ ಬಡತನವನ್ನು ಗುಂಗು ಬಹಳ ಮಟ್ಟಿಗೆ ತುಂಬಿಕೊಡುತ್ತದೆ. ನೀನು ಅದನ್ನು ಕಿತ್ತು ಸಾದಾ ಪಿಕಪ್ ಹಾಕಿಸಿದರೆ ನಿನ್ನ ಕೋಣೆಯಲ್ಲಿ ಕೂತು ನುಡಿಸುವಾಗ ಏನೂ ಲಾಭ ಇಲ್ಲ. ಅದು ಆಂಪ್ಲಿಫೈಯರ್ ಇದ್ದಾಗ ಮಾತ್ರ ಕೆಲಸ ಮಾಡುವಂಥದ್ದು. ಅಲ್ಲದೆ ಎಕ್ಸೈಟರನ್ನು ಬಲವಂತವಾಗಿ ಎಬ್ಬಿಸಿದರೆ ಅದರ ಜೊತೆ ಹಲಗೆಯ ಒಳಮೈ ಸಿಬಿರೆದ್ದು ಬರುತ್ತದೆ, ಕೆಲವೊಮ್ಮೆ ಪಕ್ಕದ ಆಧಾರದ ಪಟ್ಟಿಯೂ ಸಡಿಲವಾಗುತ್ತದೆ.

ಈಗ ರಿಪೇರಿ. ಮಳೆಗಾಲ ಮುಗಿಯುವ ಹೊತ್ತಿಗೆ ನಿಂತಿತು ಅಂದೆ. ಬೆಳಗಾವಿಯ ಮಳೆ ಗೊತ್ತಲ್ಲ, ಮನೆಯೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ನನ್ನ ಅನುಮಾನವೆಲ್ಲ ಸೆಲ್ಲು ಮತ್ತು ಸೆಲ್ ಕೂರುವ ಸ್ಪ್ರಿಂಗಿನ ಮೇಲೆ. ಇಂಥ ಗಿಟಾರುಗಳಲ್ಲಿ ಹೆಚ್ಚಾಗಿ ಎಎ ಅಳತೆಯ ಪೆನ್ಸಿಲ್ ಸೆಲ್ ಇರುತ್ತವೆ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹಾಕಿದ್ದೀಯಾ ನೋಡು. ಗಡಿಯಾರಕ್ಕೆ ಬೇಕಾದ ಕರೆಂಟ್ ತೀರಾ ಕಡಿಮೆ. ಎಕ್ಸೈಟರ್ ಹಲಗೆಯನ್ನೇ ಅಲ್ಲಾಡಿಸಬೇಕು, ಅದಕ್ಕೆ ಜಾಸ್ತಿ ಕರೆಂಟ್ ಬೇಕು. ಅಗ್ಗದ ಸೆಲ್ ಹೊರಗೆ ಇಟ್ಟು ಅಳೆದರೆ ಒಂದೂವರೆ ವೋಲ್ಟ್ ತೋರಿಸುತ್ತದೆ, ಕೆಲಸಕ್ಕೆ ಹಚ್ಚಿದ ಕೂಡಲೇ ಕುಸಿಯುತ್ತದೆ. ಹೊಸ ಆಲ್ಕಲೈನ್ ಸೆಲ್ ತಂದು ಹಾಕು, ಎಲ್ಲವನ್ನೂ ಒಟ್ಟಿಗೆ ಬದಲಿಸು, ಹಳೆಯದರ ಜೊತೆ ಹೊಸದನ್ನು ಬೆರೆಸಬೇಡ.

ಹಾಕುವ ಮೊದಲು ಸೆಲ್ ಕೂರುವ ಸ್ಪ್ರಿಂಗ್ ನೋಡು. ಬಿಳಿ ಪುಡಿಯೋ ಹಸಿರು ಕಿಲುಬೋ ಕಂಡರೆ ಅಪರಾಧಿ ಸಿಕ್ಕ ಹಾಗೆ. ಆಲ್ಕಲೈನ್ ಸೆಲ್ ಸೋರಿದರೆ ಹೊರಬರುವುದು ಕ್ಷಾರ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸು, ಲಿಂಬೆರಸವೂ ನಡೆಯುತ್ತದೆ. ಕೈ ಕಣ್ಣಿಗೆ ಮುಟ್ಟಿಸಬೇಡ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಚೆನ್ನಾಗಿ ಒಣಗಲು ಬಿಡು. ಬ್ಲೇಡಿನಲ್ಲಿ ಕೆರೆಯಬೇಡ. ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಗ್ಯಾರಂಟಿ.

ಇಷ್ಟಾದ ಮೇಲೆ ನಾಬನ್ನು ಒಂದು ಕ್ಷಣ ಒತ್ತಿ ಹಿಡಿ. ಸುಮ್ನೆ ತಟ್ಟಿದರೆ ಕೆಲವು ಆನ್ ಆಗುವುದಿಲ್ಲ. ಸ್ವಲ್ಪ ಹೊತ್ತು ನುಡಿಸದಿದ್ದರೆ ತಾವೇ ಆಫ್ ಆಗುವವೂ ಇವೆ.

ಆಗಲೂ ಬರದಿದ್ದರೆ ಯಾರದಾದರೂ ಆಂಪ್ಲಿಫೈಯರಿಗೆ ಕೇಬಲ್ ಹಚ್ಚಿ ಕೇಳು. ಈ ಒಂದು ಪರೀಕ್ಷೆಯಿಂದ ಅರ್ಧ ರೋಗ ಪತ್ತೆಯಾಗುತ್ತದೆ. ಆಂಪ್ಲಿಫೈಯರಿನಲ್ಲಿ ಗುಂಗು ಸಮೇತ ಕೇಳುತ್ತಿದ್ದು ಡಬ್ಬಿ ಮಾತ್ರ ಮೌನವಾಗಿದ್ದರೆ ಪಿಕಪ್ಪೂ ಚಿಪ್ಪೂ ಆರೋಗ್ಯವಾಗಿವೆ, ತೊಂದರೆ ಎಕ್ಸೈಟರ್ ಅಥವಾ ಅದಕ್ಕೆ ಹೋಗುವ ವಯರಿನದು. ಕೇಬಲಿನಲ್ಲೂ ಏನೂ ಇಲ್ಲದಿದ್ದರೆ ಕರೆಂಟೇ ಒಳಗೆ ಹೋಗದಿರಬಹುದು, ಇಲ್ಲವೇ ಪಿಕಪ್ಪೇ ಕೆಟ್ಟಿರಬಹುದು. ಕೇಬಲಿನಲ್ಲಿ ಸಾದಾ ನಾದ ಇದೆ, ಗುಂಗು ಎಲ್ಲೂ ಇಲ್ಲ ಅಂದರೆ ನಾಬ್ ಅಥವಾ ಚಿಪ್ ಇರುವ ಬೋರ್ಡನ್ನು ನೋಡಬೇಕು. ಅದು ಬೆಂಚಿನ ಮೇಲೆ ಆಗುವ ಕೆಲಸ.

ವಯರ್ ನೋಡುವುದು ನಿನಗೇ ಸಾಧ್ಯ. ತಂತಿಗಳನ್ನು ಸಡಿಲ ಮಾಡಿ, ಫೋನಿನ ಟಾರ್ಚ್ ಹಚ್ಚಿ, ತೂತಿನ ಬಾಯಿಯಲ್ಲಿ ಇಟ್ಟು ವಿಡಿಯೊ ತೆಗೆ. ಹಿಂದಿನ ಹಲಗೆಯ ಮೇಲೆ ಗುಂಡನೆಯ ವಸ್ತು, ಅದರಿಂದ ಎರಡು ವಯರ್ ಕಾಣುತ್ತವೆ. ವಯರ್ ಬೋರ್ಡಿಗೆ ಸೇರುವಲ್ಲಿ ಕನೆಕ್ಟರ್ ಸಡಿಲವಾಗಿದೆಯಾ, ಅಂಟು ಬಿಟ್ಟು ಒಂದು ಕಡೆ ಎದ್ದಿದೆಯಾ ನೋಡು. ಕನೆಕ್ಟರ್ ಬಿಡಿಸಿ ಮಲ್ಟಿಮೀಟರಿನಲ್ಲಿ ಆ ಎರಡು ವಯರಿನ ನಡುವೆ ಓಮ್ ಅಳೆದರೆ ಸಾಮಾನ್ಯವಾಗಿ 4 ಅಥವಾ 8ರ ಹತ್ತಿರ ಬರಬೇಕು. ಮೀಟರಿನ ವಯರಿನ ಮೊನೆ ತಾಗಿಸಿದ ಕ್ಷಣ ಹಲಗೆಯಿಂದ ಚಿಟ್ ಅಂತ ಸಣ್ಣ ಸದ್ದು ಬಂದರೆ ಎಕ್ಸೈಟರ್ ಬದುಕಿದೆ. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ವಯರ್ ತುಂಡಾಗಿದೆ. ಆಗಲೂ ಎಲ್ಲವನ್ನೂ ಕೀಳುವ ಮಾತು ಬೇಡ. ಎಕ್ಸೈಟರ್ ಒಂದನ್ನೇ ಅದೇ ಓಮಿನದು, ಅದೇ ತೂಕದ್ದು ತಂದು ಬದಲಿಸಬಹುದು.

ಇನ್ನೊಂದು ಮಾತು, ಇದು ಸರಿಯಾದ ಮೇಲೆ ಬೇಕಾಗುತ್ತದೆ. ನುಡಿಸುವಾಗ ಗಿಟಾರನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಡ. ಗುಂಗು ಹುಟ್ಟುವುದೇ ಹಿಂದಿನ ಹಲಗೆಯಲ್ಲಿ, ಅದನ್ನು ಮೈಗೆ ಒತ್ತಿದರೆ ಅದುರುವುದಾದರೂ ಹೇಗೆ, ಅಲ್ವಾ? ಕೆಳಗಿನ ಅಂಚು ತೊಡೆಯ ಮೇಲಿರಲಿ, ಮೇಲಿನ ಅಂಚು ಮಾತ್ರ ಎದೆಗೆ ತಾಗಲಿ, ನಡುವೆ ಒಂದು ಬೆರಳು ತೂರುವಷ್ಟು ಜಾಗ ಇರಲಿ. ವ್ಯತ್ಯಾಸ ಕೂಡಲೇ ಕೇಳುತ್ತದೆ.

ಪ್ರಶ್ನೆ: ನನ್ನ ಗಿಟಾರಿನ 9 ವೋಲ್ಟಿನ ಚೌಕ ಬ್ಯಾಟರಿ ವಾರ ಹತ್ತು ದಿನಕ್ಕೇ ಮುಗಿಯುತ್ತದೆ. ದಿನಕ್ಕೆ ಅರ್ಧ ತಾಸೂ ನುಡಿಸುವುದಿಲ್ಲ. ಯಾಕೆ?
ಓದುಗರು, ಅಥಣಿ

ಉತ್ತರ: ಕೇಬಲನ್ನು ಗಿಟಾರಿನಲ್ಲೇ ಬಿಟ್ಟು ಮಲಗುತ್ತಿದ್ದೀರಿ. ಗಿಟಾರಿನ ಜ್ಯಾಕ್ ಸ್ಟೀರಿಯೊದ್ದು, ನಿಮ್ಮ ಕೇಬಲಿನ ಪಿನ್ ಮೋನೊದ್ದು. ಪಿನ್ ಒಳಗೆ ಹೋದಾಗ ಜ್ಯಾಕಿನ ಎರಡು ತುದಿಗಳು ಸೇರಿಕೊಳ್ಳುತ್ತವೆ, ಬ್ಯಾಟರಿಯ ಮೈನಸ್ ಅಲ್ಲಿಂದಲೇ ಪೂರ್ತಿಯಾಗುತ್ತದೆ. ಅಂದರೆ ಪಿನ್ನೇ ಸ್ವಿಚ್ಚು. ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪಿಯರ್ ತಾಸಿನಷ್ಟು ಶಕ್ತಿ ಇರುತ್ತದೆ. ಪಿಕಪ್ಪಿನ ನಾದವನ್ನು ಎತ್ತಿಕೊಡುವ ಸರ್ಕಿಟ್, ಅಂದರೆ ಪ್ರೀಆಂಪ್, 2 ಮಿಲಿಆಂಪಿಯರ್ ತಿಂದರೆ 250 ತಾಸು, ಅಂದರೆ ಹತ್ತು ದಿನ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ನುಡಿಸಿದ ಮೇಲೆ ಪಿನ್ ಕಿತ್ತಿಡಿ. ಕಿತ್ತಿಟ್ಟರೂ ಮುಗಿಯುತ್ತಿದ್ದರೆ ಜ್ಯಾಕಿನ ಒಳಗಿನ ಎಲೆ ಬಾಗಿ ತಾಗಿಕೊಂಡಿದೆ, ಅದನ್ನು ಬದಲಿಸಿ.

ಪ್ರಶ್ನೆ: ಭಾನುವಾರ ಚರ್ಚಿನಲ್ಲಿ, ಗಣಪತಿ ಹಬ್ಬದಲ್ಲಿ ನಮ್ಮ ಗಲ್ಲಿಯ ಮಂಡಳದ ಪೆಂಡಾಲಿನಲ್ಲಿ, ಎರಡೂ ಕಡೆ ನುಡಿಸುತ್ತೇನೆ. ಸಣ್ಣ ಗಿಟಾರಿಗೆ ಗೆಳೆಯನೊಬ್ಬ ಸ್ಯಾಡಲಿನ ಕೆಳಗೆ ಪಿಕಪ್ ಹಾಕಿಕೊಟ್ಟ. ಬ್ಯಾಟರಿ ಇಲ್ಲದ್ದು. ಮಿಕ್ಸರಿಗೆ ಹಚ್ಚಿದರೆ ತಗಡು ಬಡಿದ ಹಾಗೆ ಕೇಳುತ್ತದೆ, ದಪ್ಪ ತಂತಿ ಇದ್ದೂ ಇಲ್ಲದ ಹಾಗೆ. ಲ್ಯಾಪ್‌ಟಾಪ್ ಹಚ್ಚಿದ ದಿನ ಗುಂಯ್ ಅಂತ ಸದ್ದು ಬೇರೆ. ಪಿಕಪ್ ಕೆಟ್ಟದ್ದಾ?
ಓದುಗರು, ಕ್ಯಾಂಪ್, ಬೆಳಗಾವಿ

ಉತ್ತರ: ಪಿಕಪ್ ಒಳ್ಳೆಯದೇ ಇರಬಹುದು. ಅದನ್ನು ನೇರವಾಗಿ ಮಿಕ್ಸರಿಗೆ ಹಚ್ಚಿದ್ದು ಸರಿಯಿಲ್ಲ. ಪೀಜೋ ಪಿಕಪ್ ಅಂದರೆ ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಸಣ್ಣ ಕೆಪ್ಯಾಸಿಟರ್. ಅದು ಹುಟ್ಟಿಸುವ ವೋಲ್ಟೇಜನ್ನು ಹೀರಿಕೊಳ್ಳದೆ ಕೇಳಿಸಿಕೊಳ್ಳುವ ಸರ್ಕಿಟ್ ಬೇಕು. ಲೆಕ್ಕಕ್ಕೆ ಪಿಕಪ್ 1000 ಪೈಕೊಫ್ಯಾರಡ್ ಇದೆ ಅಂದುಕೊಳ್ಳಿ. ಮಿಕ್ಸರಿನ ಲೈನ್ ಇನ್‌ಪುಟ್ 10 ಕಿಲೊಓಮ್ ಆಸುಪಾಸು ಇರುತ್ತದೆ. ಈ ಎರಡು ಸೇರಿದರೆ ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನ ಎಲ್ಲ ನಾದವೂ ಇಳಿಯುತ್ತಾ ಹೋಗುತ್ತದೆ. ಕೆಳಗೆ ಹೋದಷ್ಟೂ ಇಳಿಕೆ ಜಾಸ್ತಿ. 82 ಹರ್ಟ್ಸ್‌ನ ದಪ್ಪ ತಂತಿಗೆ ಉಳಿಯುವುದೇನು? ಅದೇ ಪಿಕಪ್ಪನ್ನು 1 ಮೆಗಾಓಮ್ ಇರುವ ಕಡೆ ಹಚ್ಚಿದರೆ ಆ ಗೆರೆ 160 ಹರ್ಟ್ಸ್‌ಗೆ ಇಳಿಯುತ್ತದೆ. 10 ಮೆಗಾಓಮ್ ಇದ್ದರೆ 16ಕ್ಕೆ, ಆಗ ಗಿಟಾರಿನ ಎಲ್ಲ ಸ್ವರವೂ ಪೂರ್ತಿ ಬರುತ್ತದೆ.

ಹಾಗಾಗಿ ಗಿಟಾರಿಗೂ ಮಿಕ್ಸರಿಗೂ ನಡುವೆ ಪ್ರೀಆಂಪ್ ಅಥವಾ ಆ್ಯಕ್ಟಿವ್ ಡಿಐ ಬಾಕ್ಸ್ ಇಡಿ. ಡಿಐ ಅಂದರೆ ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ, ಆ್ಯಕ್ಟಿವ್ ಅಂದರೆ ಕರೆಂಟಿನಿಂದ ನಡೆಯುವಂಥದ್ದು. ಕೊಳ್ಳುವಾಗ ಇನ್‌ಪುಟ್ ಎಷ್ಟು ಮೆಗಾಓಮ್ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಡಬ್ಬಿಯ ಮೇಲೆ ಬರೆದಿರುತ್ತದೆ. ಬ್ಯಾಟರಿಯೂ ಬೇಡದ, ಕರೆಂಟೂ ಬೇಡದ ಪ್ಯಾಸಿವ್ ಡಿಐ ನಿಮ್ಮ ಪಿಕಪ್ಪಿಗೆ ಸಾಲದು. ಆ್ಯಕ್ಟಿವ್ ಬಾಕ್ಸಿಗೆ ಮಿಕ್ಸರ್ ಮೈಕ್ ಕೇಬಲಿನಲ್ಲೇ ಕಳಿಸುವ 48 ವೋಲ್ಟ್ ಕರೆಂಟ್, ಅಂದರೆ ಫ್ಯಾಂಟಮ್ ಪವರ್, ಸಾಕಾಗುತ್ತದೆ. ಅದು ಇಲ್ಲದ ಮಿಕ್ಸರ್ ಆದರೆ ಬ್ಯಾಟರಿ ಹಾಕುವ ಬಾಕ್ಸ್ ತಗೊಳ್ಳಿ.

ಗುಂಯ್ ಅನ್ನುವುದು ನಮ್ಮ ಮನೆ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಮಕ್ಕಳು, ಅಂದರೆ 100, 150 ಹೀಗೆ ಅದರ ಪಟ್ಟುಗಳು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಚಾರ್ಜರ್, ಮಿಕ್ಸರ್, ಆಂಪ್ಲಿಫೈಯರ್ ಎಲ್ಲವನ್ನೂ ಒಂದೇ ಬೋರ್ಡಿನಿಂದ ತಗೊಂಡರೆ ಬಹಳ ಸಲ ಸರಿಹೋಗುತ್ತದೆ. ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯಬೇಡಿ. ಪೆಂಡಾಲಿನಲ್ಲಿ ನೆಲ ಒದ್ದೆ ಇರುತ್ತದೆ, ಕಾಲಿಗೆ ಚಪ್ಪಲಿ ಇರುವುದಿಲ್ಲ, ಕೈಯಲ್ಲಿ ಲೋಹದ ತಂತಿ ಇರುತ್ತದೆ, ತುಟಿ ಮೈಕಿಗೆ ತಾಗುತ್ತಿರುತ್ತದೆ. ಜನರೇಟರ್ ಹಚ್ಚುವವರಿಗೆ ಅರ್ಥ್ ಸಲಾಕೆ ನೆಲಕ್ಕೆ ಹೊಡೆದಿದ್ದೀರಾ ಅಂತ ಕೇಳಿಯೇ ವೇದಿಕೆ ಹತ್ತಿ.

ಪ್ರಶ್ನೆ: ಮೇಡಂ, ಬೇಸಿಗೆಯಿಂದ ನನ್ನ ಗಿಟಾರಿನ ಮೊದಲ ತಂತಿ, ತೀರಾ ತೆಳುವಾದದ್ದು, ಸ್ಪೀಕರಿನಲ್ಲಿ ಕ್ಷೀಣವಾಗಿ ಕೇಳುತ್ತಿದೆ. ಉಳಿದ ಐದೂ ಸರಿ ಇವೆ. ಕೇಬಲ್ ತೆಗೆದು ನುಡಿಸಿದರೆ ಆರೂ ಸಮ.
ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಮಾಸ್ತರರೇ, ಕೇಬಲ್ ಇಲ್ಲದೆ ಸಮ ಇದೆ ಅಂತ ಬರೆದು ಅರ್ಧ ಉತ್ತರ ನೀವೇ ಕೊಟ್ಟಿದ್ದೀರಿ. ತಂತಿಗೆ ರೋಗವಿಲ್ಲ. ಸ್ಯಾಡಲ್ ಆ ತುದಿಯಲ್ಲಿ ಪೀಜೋ ಪಟ್ಟಿಯನ್ನು ಸರಿಯಾಗಿ ಒತ್ತುತ್ತಿಲ್ಲ. ನಿಮ್ಮೂರಿನ ಬೇಸಿಗೆಯ ಒಣ ಗಾಳಿಗೆ ಮರ ಕುಗ್ಗುತ್ತದೆ, ಸ್ಯಾಡಲ್ ಕೂರುವ ತೋಡು ಕೂದಲಷ್ಟು ಸೊಟ್ಟಗಾಗುತ್ತದೆ. ಪೀಜೋಗೆ ಅಷ್ಟು ಸಾಕು. ತಂತಿಗಳನ್ನು ಪೂರ್ತಿ ಸಡಿಲಿಸಿ, ಸ್ಯಾಡಲ್ ಎತ್ತಿ, ತೋಡಿನಲ್ಲಿ ಧೂಳು ಇದ್ದರೆ ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಸ್ಯಾಡಲಿನ ತಳವನ್ನು ಗಾಜಿನ ಮೇಲೆ ಹಾಸಿದ ನುಣುಪು ಪಾಲಿಶ್ ಕಾಗದದ ಮೇಲೆ ನೆಟ್ಟಗೆ ಹಿಡಿದು ಸ್ವಲ್ಪವೇ ಉಜ್ಜಿ, ತಳ ಸಪಾಟಾಗುವಷ್ಟು ಮಾತ್ರ. ಕೆಳಗೆ ಕಾಗದದ ಚೂರು ತುರುಕಬೇಡಿ. ಒಂದು ತಂತಿ ಸರಿಹೋಗಿ ಪಕ್ಕದ್ದು ಕೆಡುತ್ತದೆ. ಬೇಸಿಗೆಯಲ್ಲಿ ಗಿಟಾರನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯೊಳಗೇ ಇಡಿ. ಒಳಗಿನ ತೇವ ನೂರಕ್ಕೆ 45ರಿಂದ 55ರ ನಡುವೆ ಇದ್ದರೆ ಮರಕ್ಕೆ ಹಿತ. ಅದನ್ನು ತೋರಿಸುವ ಸಣ್ಣ ಮೀಟರ್ ಸಿಗುತ್ತದೆ. ಕೂಲರಿನ ಗಾಳಿ ಮಾತ್ರ ನೇರ ಬೀಳಬಾರದು.

ಪ್ರಶ್ನೆ: ಅಕ್ಕಾರ, ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ಡಬ್ಬಿಯೇ ಎಕೋ ಕೊಡುವ ಗಿಟಾರಿನ ಬಗ್ಗೆ ಕೇಳಿದ್ದೇನೆ, ಕೊಳ್ಳುವಷ್ಟು ದುಡ್ಡಿಲ್ಲ. ನನ್ನ ಹತ್ತಿರ ಒಂದು ಅಗ್ಗದ ಚಿಕ್ಕ ಗಿಟಾರ್ ಇದೆ. ಅದಕ್ಕೆ ನಾನೇ ಇದನ್ನು ಮಾಡಿ ಪ್ರಾಜೆಕ್ಟ್ ಅಂತ ಕೊಡಬಹುದಾ?
ವಿದ್ಯಾರ್ಥಿ, ನವನಗರ, ಬಾಗಲಕೋಟೆ

ಉತ್ತರ: ಖಂಡಿತ ಮಾಡು ತಮ್ಮಾ. ವಾದ್ಯಕ್ಕೆ ಬೇಕಾದ ಎಲೆಕ್ಟ್ರಾನಿಕ್ಸ್ ನಮ್ಮ ಕಡೆಯವರ ಕೈಯಲ್ಲಿ ಆಗದ್ದೇನಲ್ಲ. ಇವತ್ತು ಕಛೇರಿಗಳಲ್ಲಿ ಕೇಳುವ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ಮಾಡಿದವರು ಬೆಂಗಳೂರಿನ ಎಂಜಿನಿಯರ್ ಜಿ. ರಾಜನಾರಾಯಣ್. ಅವರು ಸ್ವತಃ ಕೊಳಲು ನುಡಿಸುವವರು. ವಾದ್ಯಕ್ಕೆ ಏನು ಬೇಕು ಅಂತ ನುಡಿಸುವವರಿಗೇ ಮೊದಲು ಗೊತ್ತಾಗುತ್ತದೆ. ನೀನು ಗಿಟಾರ್ ನುಡಿಸುತ್ತೀ ಅನ್ನುವುದೇ ನನಗೆ ಖುಷಿ.

ಬೇಕಾದ ಸಾಮಾನು ಹೀಗೆ. ನಾದ ಹಿಡಿಯಲು 27 ಮಿಲಿಮೀಟರಿನ ಪೀಜೋ ಡಿಸ್ಕ್, ಹಿತ್ತಾಳೆಯ ಬಿಲ್ಲೆಯ ಹಾಗಿರುತ್ತದೆ, ಬಜರಿಗೆ ಬಳಸುವಂಥದ್ದು. ಮುಂದಿನ ಹಲಗೆಯ ಒಳಮೈಗೆ, ಬ್ರಿಡ್ಜ್, ಅಂದರೆ ಸ್ಯಾಡಲ್ ಕೂತಿರುವ ಮರದ ತುಂಡು, ಇರುವ ಜಾಗದ ಕೆಳಗೆ ಅದನ್ನು ಅಂಟಿಸು. ಅಲ್ಲಿಂದ ಬಫರ್, ಅಂದರೆ ಪೀಜೋದ ವೋಲ್ಟೇಜನ್ನು ಹೀರದೆ ಮುಂದಕ್ಕೆ ದಾಟಿಸುವ ಸರ್ಕಿಟ್. ಮೇಲೆ ಕ್ಯಾಂಪಿನವರಿಗೆ ಹೇಳಿದ ಲೆಕ್ಕ ನಿನಗೂ ಅನ್ವಯಿಸುತ್ತದೆ, ಇನ್‌ಪುಟ್ಟಿಗೆ ದೊಡ್ಡ ರೆಸಿಸ್ಟರ್ ಬೇಕು, 10 ಮೆಗಾಓಮ್ ಹಾಕು. ಈ ಬಫರಿಗೆ ಎಲ್ಲರೂ ಟಿಎಲ್072 ಅನ್ನುವ ಚಿಪ್ ಹೇಳುತ್ತಾರೆ. ಅದು ಒಳ್ಳೆಯದೇ, ಆದರೆ 5 ವೋಲ್ಟಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನಿನ್ನ ಉಳಿದ ಬೋರ್ಡುಗಳೆಲ್ಲ 5 ವೋಲ್ಟಿನವು, ಹಾಗಾಗಿ ಎಂಸಿಪಿ6002 ಹಾಕು. ಅದು 1.8ರಿಂದ 6 ವೋಲ್ಟ್ ತನಕ ನಡೆಯುತ್ತದೆ, ಇನ್‌ಪುಟ್ಟಿನಲ್ಲಿ ಹೆಚ್ಚುಕಮ್ಮಿ ಏನನ್ನೂ ಹೀರುವುದಿಲ್ಲ. ಡಿಸ್ಕಿನಿಂದ ಬಫರಿನ ತನಕದ ವಯರ್ ಶೀಲ್ಡ್ ಇರುವುದೇ ಆಗಬೇಕು, ಗೇಣುದ್ದಕ್ಕಿಂತ ಜಾಸ್ತಿ ಬೇಡ.

ಗುಂಗು ಹುಟ್ಟಿಸಲು ಪಿಟಿ2399 ಅನ್ನುವ ಚಿಪ್. ಅಗ್ಗದ ಕ್ಯಾರಿಯೋಕೆ ಡಬ್ಬಿಗಳಲ್ಲಿ ಎಕೋ ಕೊಡುವ ಚಿಪ್ ಇದು, ತಯಾರಾದ ಬೋರ್ಡೇ ಸಿಗುತ್ತದೆ. ಒಂದು ರೆಸಿಸ್ಟರ್ ಬದಲಿಸಿ ತಡವನ್ನು ಸುಮಾರು 30ರಿಂದ 340 ಮಿಲಿಸೆಕೆಂಡ್ ತನಕ ಮಾಡಬಹುದು. ಗಿಟಾರಿಗೆ ಕಡಿಮೆ ತಡವೇ ಚೆನ್ನ, 100ರ ಕೆಳಗೇ ಇಡು. ದೊಡ್ಡ ಕಂಪನಿಗಳ ಚಿಪ್ಪಿನಷ್ಟು ನಯ ಇದರಲ್ಲಿ ಬರುವುದಿಲ್ಲ. ಕಲಿಯುವುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯದಿಲ್ಲ. ಆಮೇಲೆ ಪಿಎಎಂ8403 ಅನ್ನುವ ಪುಟ್ಟ ಆಂಪ್ಲಿಫೈಯರ್ ಬೋರ್ಡ್, ಕೊನೆಗೆ 4 ಓಮಿನ ಚಿಕ್ಕ ಎಕ್ಸೈಟರ್. ಈ ಆಂಪ್ಲಿಫೈಯರಿನ ಸ್ಪೀಕರ್ ಮೈನಸ್ಸನ್ನು ಯಾವ ಕಾರಣಕ್ಕೂ ಗ್ರೌಂಡಿಗೆ ಸೇರಿಸಬೇಡ. ಅದರ ಎರಡೂ ತುದಿಗಳಲ್ಲಿ ಸಿಗ್ನಲ್ ಇರುತ್ತದೆ, ಗ್ರೌಂಡಿಗೆ ತಾಗಿಸಿದರೆ ಚಿಪ್ ಸುಟ್ಟುಹೋಗಬಹುದು.

ಕರೆಂಟಿಗೆ ಪವರ್‌ಬ್ಯಾಂಕ್ ಇಡೋಣ ಅಂತ ನಿನಗೆ ಅನ್ನಿಸುತ್ತದೆ. ಬೇಡ. ಕರೆಂಟ್ ಕಡಿಮೆ ಹೋಗುತ್ತಿದ್ದರೆ ಬಹಳಷ್ಟು ಪವರ್‌ಬ್ಯಾಂಕುಗಳು ಯಾರೂ ಬಳಸುತ್ತಿಲ್ಲ ಅಂದುಕೊಂಡು ಆಫ್ ಆಗುತ್ತವೆ. ನೀನು ಮೆಲ್ಲಗೆ ನುಡಿಸಿದಾಗಲೆಲ್ಲ ಗುಂಗು ಮಾಯ. ಚಾರ್ಜ್ ಮಾಡುವಂಥ ನಾಲ್ಕು ನಿಕಲ್ ಪೆನ್ಸಿಲ್ ಸೆಲ್ ಸಾಲಾಗಿ ಇಡು, ಸುಮಾರು 4.8 ವೋಲ್ಟ್ ಬರುತ್ತದೆ, ಹೆಚ್ಚುಕಮ್ಮಿ ಎಲ್ಲ ಬೋರ್ಡಿಗೂ ಹೊಂದುತ್ತದೆ.

ಈ ಪ್ರಾಜೆಕ್ಟಿನ ನಿಜವಾದ ಕಷ್ಟ ಸೋಲ್ಡರಿಂಗಿನಲ್ಲಿ ಇಲ್ಲ, ಕೂಗಿನಲ್ಲಿದೆ. ಎಕ್ಸೈಟರ್ ಹಲಗೆ ಅದುರಿಸುತ್ತದೆ, ಆ ಅದುರು ಮರದೊಳಗಿಂದ ಪೀಜೋಗೆ ಬರುತ್ತದೆ, ಪೀಜೋ ಅದನ್ನು ಮತ್ತೆ ಎಕ್ಸೈಟರಿಗೆ ಕಳಿಸುತ್ತದೆ. ಸುತ್ತು ಸುತ್ತಿ ಡಬ್ಬಿ ಓ ಅಂತ ಕೂಗಲು ಶುರು ಮಾಡುತ್ತದೆ. ಇದಕ್ಕೆ ಮೂರು ಮದ್ದು ನನಗೆ ಗೊತ್ತು. ಎಕ್ಸೈಟರಿಗೆ ತಡಮಾಡಿದ ಪ್ರತಿಯನ್ನು ಮಾತ್ರ ಕಳಿಸು, ಮೂಲ ನಾದ ಕಳಿಸಬೇಡ. ಮೂಲ ನಾದವನ್ನು ತಂತಿ ತಾನೇ ಕೊಡುತ್ತಿದೆಯಲ್ಲ. ಕೆಳಗಿನ ನಾದವನ್ನು, 150 ಹರ್ಟ್ಸ್‌ಗಿಂತ ಕೆಳಗಿನದನ್ನು, ಒಂದು ಕೆಪ್ಯಾಸಿಟರ್ ಹಾಕಿ ತಡೆ. ಡಬ್ಬಿ ಕೂಗುವುದು ಹೆಚ್ಚಾಗಿ ಅಲ್ಲೇ. ಮೂರನೆಯದು ಜಾಗ. ಎಕ್ಸೈಟರನ್ನು ಮೊದಲೇ ಒಳಗೆ ಅಂಟಿಸಿಬಿಡಬೇಡ. ಹಿಂದಿನ ಹಲಗೆಯ ಹೊರಮೈಯಲ್ಲಿ ಎರಡು ಬದಿಯ ಟೇಪ್ ಹಚ್ಚಿ ಇಟ್ಟು, ವಾಲ್ಯೂಮ್ ಸೊನ್ನೆಯಿಂದ ಏರಿಸುತ್ತಾ ಹೋಗು. ಎಷ್ಟಕ್ಕೆ ಕೂಗಿತು ಅಂತ ನಾಬಿನ ಮೇಲೆ ಗುರುತು ಹಾಕು. ಎರಡು ಬೆರಳು ಆಚೆ ಸರಿಸಿ ಮತ್ತೆ ನೋಡು. ಹಲಗೆಯ ಒಂದೊಂದು ಜಾಗ ಒಂದೊಂದು ಥರ ಇರುತ್ತದೆ. ಒಳಗಿನ ಪಟ್ಟಿಯ ನೇರಕ್ಕೆ ಇಟ್ಟರೆ ನಾದ ಬಿಗಿ, ಪಟ್ಟಿಗಳ ನಡುವೆ ಇಟ್ಟರೆ ತೆರವು. ಹಲಗೆಯ ನಕ್ಷೆ ಬರೆದು ಪ್ರತಿ ಜಾಗಕ್ಕೂ ಕೂಗು ಶುರುವಾದ ಮಟ್ಟ ಬರೆದರೆ ಅದೇ ನಿನ್ನ ಪ್ರಾಜೆಕ್ಟ್ ವರದಿಯ ಮುಖ್ಯ ಪುಟ ಆಗುತ್ತದೆ. ಪರೀಕ್ಷಕರು ಸರ್ಕಿಟ್ ಚಿತ್ರಗಳನ್ನು ಬೇಕಾದಷ್ಟು ನೋಡಿರುತ್ತಾರೆ, ಇಂಥ ನಕ್ಷೆ ನೋಡಿರುವುದಿಲ್ಲ.

ಎಕ್ಸೈಟರ್ ಆದಷ್ಟು ಹಗುರವಾದದ್ದು ತಗೋ. ಭಾರದ್ದು ಕೂತರೆ ಹಲಗೆಯ ಸ್ವಂತ ಅದುರೇ ಸತ್ತು, ಗುಂಗು ಆಫ್ ಮಾಡಿದಾಗ ಗಿಟಾರ್ ಮೊದಲಿಗಿಂತ ಮಂಕಾಗಿ ಕೇಳುತ್ತದೆ. ಗಿಟಾರಿಗೆ ಏನೂ ಅಂಟಿಸದೆ ಇದೇ ಕೆಲಸ ಮಾಡುವ ದಾರಿಯೂ ಇದೆ. ಟೋನ್‌ವುಡ್ ಆಂಪ್ ಅನ್ನುವ ಸಾಧನವನ್ನು ಗಿಟಾರಿನ ಬೆನ್ನಿಗೆ ಹೊರಗಿನಿಂದ ಇಡುತ್ತಾರೆ, ಹಲಗೆಯ ಒಳಗಡೆ ಇಟ್ಟ ಮ್ಯಾಗ್ನೆಟ್ ಅದನ್ನು ಹಿಡಿದುಕೊಳ್ಳುತ್ತದೆ. ನಿನ್ನ ಗಿಟಾರ್ ಬೇರೆಯವರದಾಗಿದ್ದರೆ ಈ ಮ್ಯಾಗ್ನೆಟ್ ದಾರಿಯನ್ನೇ ಹಿಡಿ. ಜಾಗ ಗಟ್ಟಿಯಾದ ಮೇಲೆ ಅದರ ಅಳತೆ ಮತ್ತು ಕೂಗಿನ ನಕ್ಷೆ ಎರಡನ್ನೂ ನನಗೆ ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕೋಣ.